ಆಚೆ ದಡದಲ್ಲಿ ಎತ್ತಿದ ಬಟ್ಟೆ

"ಬುದ್ಧಿ, ಊರೆಲ್ಲ ಮಾಡಿತೆಂದು ತಾನೂ ಮಾಡುವವನು ದಡ್ಡ, ಒಪ್ಪಿದೆ. ಆ ದಡ್ಡನನ್ನು ಅಣಕಿಸಿ ನಗಿಸುವವನದೂ ತಪ್ಪೇ?"

ಗುರುಗಳನ್ನು ಹೀಗೆ ಕೇಳಿದವನು ಮರುಳಸಿದ್ದ. ಮಠದ ಶಿಷ್ಯರಲ್ಲಿ ಅವನದು ಚುರುಕು ನಾಲಿಗೆ. ಆಗ ಮಠಕ್ಕೆ ಬಂದವರೆಲ್ಲ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು ಮೊಬೈಲಿನಲ್ಲಿ ಹಾಕುತ್ತಿದ್ದರು. ಮರುಳಸಿದ್ದ ದಾಸೋಹದ ಪಂಕ್ತಿಯಲ್ಲಿ ಕೂತು, ಅದೇ ರೀತಿ ಕಣ್ಣು ಮುಚ್ಚಿ, ಎದೆಗೆ ರಾಗಿಮುದ್ದೆ ಅವುಚಿಕೊಂಡು ಒಂದು ಫೋಟೋ ಹಾಕಿದ. ಅದು ಊರೂರು ಸುತ್ತಿತು. ಹಿರಿಯ ಶಿಷ್ಯರೊಬ್ಬರು ಬೈದದ್ದರಿಂದ ಅವನು ನ್ಯಾಯ ಕೇಳಲು ಬಂದಿದ್ದ. ಗುರುಗಳಿಗೆ ಮೊಬೈಲಿನ ಸಂಗತಿ ತಿಳಿಯದೆಂದು ಮಠದಲ್ಲಿ ಎಲ್ಲರೂ ನಂಬಿದ್ದರು. ಆದರೆ ಗುರುಗಳು ಮುದ್ದೆಯ ಫೋಟೋ ನೋಡಿದ್ದರು, ನಕ್ಕೂ ಇದ್ದರು.

"ಕೂತುಕೋ. ನಿನ್ನ ಮುದ್ದೆಯ ವಿಚಾರ ಆಮೇಲೆ ನೋಡೋಣ" ಎಂದು ಗುರುಗಳು ಕತೆ ಶುರು ಮಾಡಿದರು.

ಒಂದು ಹೊಳೆ. ಈಚೆ ದಡದಲ್ಲಿ ಊರು, ಆಸ್ಪತ್ರೆ. ಆಚೆ ದಡದಲ್ಲಿ ಕೆಲವು ಹಟ್ಟಿಗಳು. ಸೇತುವೆ ಬಲು ದೂರ. ಕಾರಿದ್ದವರು ಸುತ್ತಿ ಬಳಸಿ ಬರುತ್ತಿದ್ದರು, ಇಲ್ಲದವರಿಗೆ ಒಬ್ಬ ಅಂಬಿಗನ ಹರಿಗೋಲೇ ಗತಿ. ಅಂಬಿಗ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆಚೆಗೆ ಹೋಗಿ ಬರುತ್ತಿದ್ದ. ನಡುವೆ ಯಾರೂ ಕರೆಯುತ್ತಿರಲಿಲ್ಲ. ಕೂಗಿದರೆ ನೀರಿನ ಸದ್ದಿಗೆ ಕೇಳಿಸುವುದಿಲ್ಲ, ಆ ಕಣಿವೆಯಲ್ಲಿ ಫೋನಿಗೂ ನೆಟ್‌ವರ್ಕ್ ಇಲ್ಲ. ಆದರೆ ಹೆರಿಗೆ, ಹಾವು ಕಚ್ಚಿದ್ದು, ಜೀವದ ಪ್ರಶ್ನೆ ಏನಾದರೂ ಬಂದರೆ ದಡದಲ್ಲಿ ನಿಂತು ಎರಡೂ ಕೈಯಲ್ಲಿ ಬಟ್ಟೆ ಎತ್ತಿ ಹಿಡಿಯಬೇಕು. ಅದು ಅಜ್ಜನ ಕಾಲದ ಕಟ್ಟಳೆ. ಬಟ್ಟೆ ಕಂಡರೆ ಅಂಬಿಗ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ.

ಒಂದು ಸಂಜೆ ಹಟ್ಟಿಯ ಹೆಂಗಸೊಬ್ಬಳು ಜ್ವರ ಬಂದ ಮಗುವನ್ನು ಕಾಲ ಬಳಿ ಮಲಗಿಸಿ, ಕೆಂಪು ಸೀರೆ ಎತ್ತಿ ಹಿಡಿದು ನಿಂತಿದ್ದಳು. ಸೂರ್ಯ ಮುಳುಗುವ ಹೊತ್ತು, ಗಾಳಿ ಬೇರೆ. ದಾರಿಹೋಕನೊಬ್ಬ ಫೋಟೋ ತೆಗೆದ. ಚೆಂದ ಕಾಣಲೆಂದು ಮಗುವನ್ನು ಬಿಟ್ಟು, ಅವಳೂ ಸೀರೆಯೂ ಹೊಳೆಯೂ ಬರುವಂತೆ ತೆಗೆದ. ಅಂಬಿಗ ಬಂದು ಮಗುವನ್ನು ದಾಟಿಸಿದ, ಮಗು ಉಳಿಯಿತು. ಫೋಟೋ ಮಾತ್ರ ನಿಲ್ಲದೆ ನಾಡೆಲ್ಲ ಓಡಾಡಿತು.

ಆಮೇಲೆ ಜನ ಕಾರಿನಲ್ಲಿ ಸುತ್ತಿ ಬಳಸಿ ಆಚೆ ದಡಕ್ಕೆ ಬರತೊಡಗಿದರು. ಮದುವೆ ನಿಶ್ಚಯವಾದವರು ಬಂದರು, ಮದುವೆಯಾಗಿ ಬೇಸತ್ತವರೂ ಬಂದರು. ಎಲ್ಲರ ಕೈಯಲ್ಲೂ ಕೆಂಪು ಬಟ್ಟೆ, ಅದನ್ನು ಎತ್ತಿ ಹಿಡಿದು ಒಂದು ಫೋಟೋ. ಒಬ್ಬ ಪದವೀಧರನಿಗೆ ಇದನ್ನು ನೋಡಿ ನೋಡಿ ತಲೆ ಕೆಟ್ಟಿತು. ಇವರಿಗೆ ಬುದ್ಧಿ ಕಲಿಸುತ್ತೇನೆಂದು ಅವನು ಅದೇ ಜಾಗದಲ್ಲಿ ಹರಿದ ಗೋಣಿಚೀಲ ಎತ್ತಿ ಹಿಡಿದು ಫೋಟೋ ಹಾಕಿದ. ಬಿದ್ದು ಬಿದ್ದು ನಗುವ ಹಾಗಿತ್ತು. ನೀನಾಗಿದ್ದರೂ ನಗುತ್ತಿದ್ದೆ, ನಾನೂ ನಗುತ್ತಿದ್ದೆ. ಆಮೇಲೆ ಅವನನ್ನು ನೋಡಿ ಒಬ್ಬ ಲುಂಗಿ ಎತ್ತಿದ, ಒಬ್ಬ ಎಮ್ಮೆಯ ಕೊಂಬಿಗೆ ಟವೆಲ್ ಕಟ್ಟಿದ. ಒಬ್ಬಳು ಗಂಡನ ಪಂಚೆಯನ್ನೇ ಬಿಚ್ಚಿಸಿ ಎತ್ತಿದಳು, ಪಾಪ, ಅವನು ಚಡ್ಡಿಯಲ್ಲಿ ಪಕ್ಕಕ್ಕೆ ನಾಚಿ ನಿಂತಿದ್ದ. ಕೆಂಪು ಬಟ್ಟೆಯವರು ಕಡಿಮೆಯಾದರು, ಗೋಣಿಚೀಲದವರು ಹೆಚ್ಚಾದರು.

ಅಂಬಿಗ ಎಲ್ಲದಕ್ಕೂ ಹೋಗುತ್ತಿದ್ದ. ಏದುಸಿರು ಬಿಡುತ್ತ ದಡ ಮುಟ್ಟಿ, ಯಾರಿಗೇನಾಯಿತು ಎಂದು ಕೇಳುತ್ತಿದ್ದ. ಅವರಿಗೆ ಅದೂ ನಗೆಯಾಯಿತು. ಅವನ ಆ ಪ್ರಶ್ನೆಯನ್ನೂ ವಿಡಿಯೊ ಮಾಡಿ ಹಾಕಿದರು. ಅವನು ಬೈಯುತ್ತಿರಲಿಲ್ಲ, ಹರಿಗೋಲು ತಿರುಗಿಸಿಕೊಂಡು ಬರುತ್ತಿದ್ದ. ಬರುಬರುತ್ತ ಅವನ ರಟ್ಟೆ ಸೋತಿತು, ಕೆಮ್ಮು ಹಿಡಿಯಿತು. ಹೋಗಬೇಡವೆಂದು ಹೆಂಡತಿ ಜಗಳ ತೆಗೆದಳು. ಹೋಗದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದ.

ಕೊನೆಗೆ ಎರಡೂ ದಡದ ಹಿರಿಯರು ಸೇರಿದರು. ಬಟ್ಟೆ ಕೆಟ್ಟುಹೋಯಿತು, ಇನ್ನು ಮುಂದೆ ಹಸಿ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಬೇಕು, ಹೊಗೆ ಕಂಡರೆ ಮಾತ್ರ ಅಂಬಿಗ ಬರಬೇಕು ಎಂದು ಗೊತ್ತು ಮಾಡಿದರು. ಹಟ್ಟಿ ಹಟ್ಟಿಗೆ ಹೋಗಿ ತಿಳಿಸಿದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಅಂಬಿಗನಿಗೆ ಬಹಳ ಕಾಲದ ಮೇಲೆ ನೆಮ್ಮದಿಯಾಗಿ ಊಟ ಸೇರಿತು.

ಆಚೆ ದಡದ ಒಬ್ಬ ಕುರಿಗಾಹಿ ಅಷ್ಟೂ ತಿಂಗಳು ಹಟ್ಟಿಯಲ್ಲಿರಲಿಲ್ಲ. ಮೇವು ಹುಡುಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಮಂದೆಯ ಜೊತೆ ದೂರದ ಬಯಲಿಗೆ ಹೋಗಿದ್ದ. ಫೋಟೋ ಬಂದದ್ದು ಅವನಿಗೆ ಗೊತ್ತಿಲ್ಲ, ಗೋಣಿಚೀಲದ ನಗೆ ಗೊತ್ತಿಲ್ಲ, ಹೊಗೆಯ ಕಟ್ಟಳೆಯೂ ಗೊತ್ತಿಲ್ಲ. ಬಸುರಿ ಹೆಂಡತಿಯ ಚೊಚ್ಚಲ ಹೆರಿಗೆಗೆಂದು ಮರಳಿ ಬರುತ್ತಿದ್ದ. ಹಟ್ಟಿ ಸೇರುವ ಮೊದಲೇ, ಹೊಳೆಯ ದಂಡೆಯಲ್ಲೇ ಅವಳಿಗೆ ನೋವು ಹತ್ತಿತು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಅವನ ಹತ್ತಿರ ಇದ್ದದ್ದು ಹೊದೆಯುವ ಕಂಬಳಿ. ಅದನ್ನೇ ಎತ್ತಿ ಹಿಡಿದ.

ಮಧ್ಯಾಹ್ನದ ಹೊತ್ತು. ಅಂಬಿಗ ಊಟಕ್ಕೆ ಕೂತಿದ್ದ. ಆಚೆ ದಡದಲ್ಲಿ ಯಾರೋ ಕಂಬಳಿ ಎತ್ತಿದ್ದು ಅವನಿಗೆ ಚೆನ್ನಾಗಿ ಕಂಡಿತು. ಇವತ್ತು ಕಂಬಳಿ ತಂದಿದ್ದಾರೆ ಎಂದು ಹೆಂಡತಿಗೆ ಹೇಳಿದ. ಅವಳು ನಕ್ಕಳು, ಅವನೂ ನಕ್ಕ. ಊಟ ಮುಗಿಸಿ ಸ್ವಲ್ಪ ಹೊತ್ತು ಅಡ್ಡಾದ.

ಸಂಜೆಯ ಸರದಿಗೆ ಆಚೆ ಹೋದಾಗ ಕಂಬಳಿ ಇನ್ನೂ ಮೇಲೆಯೇ ಇತ್ತು. ಕುರಿಗಾಹಿಯ ತೋಳುಗಳು ಕೆಳಗಿಳಿಸಲು ಬಾರದಷ್ಟು ಸೆಟೆದಿದ್ದವು. ಹೆಂಡತಿಯಲ್ಲಿ ಉಸಿರಿತ್ತು. ಮಗು ಹೋಗಿತ್ತು. ಕುರಿಗಾಹಿ ಅಂಬಿಗನ ಮೇಲೆ ಸಿಟ್ಟಾಗಲಿಲ್ಲ. ಹೆಂಡತಿಯನ್ನು ಹರಿಗೋಲಿನಲ್ಲಿ ಮಲಗಿಸಿ, ತಾನೇ ತಪ್ಪು ಮಾಡಿದವನ ಹಾಗೆ ಒಂದೇ ಮಾತು ಹೇಳಿದ.

"ಕಂಬ್ಳಿ ಕರೀದು ನೋಡಣ್ಣ. ದೂರಕ್ಕೆ ಕಾಣಿಸ್ಲಿಲ್ವೇನೋ."

ಅಂಬಿಗ ಹುಟ್ಟು ಹಾಕುತ್ತಲೇ ಇದ್ದ. ಮಾರನೆಯ ದಿನದಿಂದ ಅವನು ಹೊಗೆಗೂ ಹೋಗುತ್ತಾನೆ, ಬಟ್ಟೆಗೂ ಹೋಗುತ್ತಾನೆ, ಗೋಣಿಚೀಲಕ್ಕೂ ಹೋಗುತ್ತಾನೆ. ಫೋಟೋದವರು ಈಗಲೂ ಬರುತ್ತಾರೆ, ಅವನನ್ನು ಕಂಡು ನಗುತ್ತಾರೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಸಿದ್ದ ತಲೆ ತಗ್ಗಿಸಿ ಕೂತಿದ್ದ. ಆದರೂ ಅವನ ಮನಸ್ಸು ಸೋಲೊಪ್ಪಲಿಲ್ಲ.

"ಬುದ್ಧಿ, ಆ ಪದವೀಧರ ಅಣಕಿಸಿದ್ದು ಫೋಟೋದ ಹುಚ್ಚು ಹಿಡಿದವರನ್ನು. ಕಷ್ಟದಲ್ಲಿದ್ದವರನ್ನು ಅವನು ಯಾವತ್ತೂ ಅಣಕಿಸಲಿಲ್ಲವಲ್ಲ."

"ನಿಜ ಕಣಪ್ಪ, ಆದರೆ ಹೊಳೆಯ ಈಚೆ ಕೂತಿದ್ದ ಅಂಬಿಗನಿಗೆ ಆ ವ್ಯತ್ಯಾಸ ಹೇಗೆ ಕಾಣಬೇಕಿತ್ತು?"