ಕೆಂಚಿಯ ಮರಿಯೂ ಕೆಂಪು ರಿಬ್ಬನ್ನೂ

ಒಂದು ತೊರೆ. ಈ ದಡ ಒಂದು ದೇಶ, ಆ ದಡ ಇನ್ನೊಂದು ದೇಶ. ತೊರೆಗೆ ಅಡ್ಡ ಒಂದು ಮರದ ದಿಮ್ಮಿ. ಎಲ್ಲರೂ ಅದರ ಮೇಲೇ ದಾಟುತ್ತಿದ್ದರು.

ಆಮೇಲೆ ಅಭಿವೃದ್ಧಿ ಬಂತು. ಸೇತುವೆ ಕಟ್ಟಿತು. ದಿಮ್ಮಿ ಎತ್ತಿತು.

ಅಯ್ಯೋ! ಕೆಂಚಿ ಮೇಕೆಯ ಮರಿ ಆಡಲು ಹೋಗಿ ಆ ದಡದಲ್ಲೇ ಉಳಿಯಿತು!

ಕೆಂಚಿ ಸೇತುವೆಗೆ ಓಡಿದಳು. ಅಲ್ಲಿ ಅಡ್ಡ ಒಂದು ಕೆಂಪು ರಿಬ್ಬನ್, ಪಕ್ಕದಲ್ಲಿ ಕಾವಲುಗಾರ ದ್ಯಾಮಣ್ಣ.

"ದ್ಯಾಮಣ್ಣಾ, ದಾರಿ ಬಿಡು. ಮರಿ ಆ ದಡದಲ್ಲಿ. ನನ್ನ ಕೆಚ್ಚಲು ತುಂಬಿದೆ, ಮರಿಯ ಹೊಟ್ಟೆ ಖಾಲಿ!"

"ಆಗಲ್ಲ ಕಣಮ್ಮ. ರಿಬ್ಬನ್ ಕತ್ತರಿಸದೆ ಯಾರೂ ದಾಟೋ ಹಾಗಿಲ್ಲ. ಉದ್ಘಾಟನೆಗೆ ಸಾಹೇಬರು ಬಂದರು. ಭಾಷಣ ಮಾಡಿದರು. ಎಳನೀರು ಕುಡಿದರು. ಹೋದರು. ಕತ್ತರಿ ತರೋದು ಮಾತ್ರ ಮರೆತಿದ್ದರು. ನೀನು ತರ್ತೀಯಾ?"

ಕೆಂಚಿ ದರ್ಜಿ ಖಾದರಣ್ಣನ ಹತ್ತಿರ ಓಡಿದಳು.

"ಖಾದರಣ್ಣಾ, ಕತ್ತರಿ ಕೊಡು. ಮರಿ ಆ ದಡದಲ್ಲಿ. ಸೇತುವೆಗೆ ರಿಬ್ಬನ್ ಅಡ್ಡ. ರಿಬ್ಬನ್‌ಗೆ ಕತ್ತರಿ ಇಲ್ಲ. ನನ್ನ ಕೆಚ್ಚಲು ತುಂಬಿದೆ, ಮರಿಯ ಹೊಟ್ಟೆ ಖಾಲಿ!"

"ಕತ್ತರಿ ಇದೆ ತಾಯಿ. ಆದರೆ ಮೊಂಡು. ಬೆಣ್ಣೇನೂ ಕತ್ತರಿಸಲ್ಲ. ಮೊದಲು ಸಾಣೆ ಹಿಡಿಸು."

ಕೆಂಚಿ ಸಾಣೆಯ ಮುನಿಯಣ್ಣನ ಹತ್ತಿರ ಓಡಿದಳು.

"ಮುನಿಯಣ್ಣಾ, ಸಾಣೆ ಹಿಡಿ. ಮರಿ ಆ ದಡದಲ್ಲಿ. ಸೇತುವೆಗೆ ರಿಬ್ಬನ್ ಅಡ್ಡ. ರಿಬ್ಬನ್‌ಗೆ ಕತ್ತರಿ ಇಲ್ಲ. ಕತ್ತರಿಗೆ ಸಾಣೆ ಇಲ್ಲ. ನನ್ನ ಕೆಚ್ಚಲು ತುಂಬಿದೆ, ಮರಿಯ ಹೊಟ್ಟೆ ಖಾಲಿ!"

"ಸಾಣೆ ಚಕ್ರ ತಿರುಗಿಸೋ ಹುರಿ ಕಿತ್ತುಹೋಗಿದೆಯಲ್ಲೇ! ಹುರಿ ಹೊಸೆಯೋದು ನಮ್ಮ ದೊಡ್ಡಮ್ಮ. ದೊಡ್ಡಮ್ಮ ಇರೋದು ಆ ದಡದಲ್ಲಿ. ಹೋಗಿ ತಗೊಂಡು ಬಾ."

"ಹೋಗೋದು ಹೇಗೆ?"

"ಸೇತುವೆ ಮೇಲೆ. ಅದಕ್ಕೇ ಅಲ್ವಾ ಕಟ್ಟಿರೋದು?"

ಕೆಂಚಿ ತೊರೆಯ ದಡದಲ್ಲಿ ನಿಂತು ಕೂಗಿದಳು.

"ದೊಡ್ಡಮ್ಮಾ! ಮರಿ ಆ ದಡದಲ್ಲಿ. ಸೇತುವೆಗೆ ರಿಬ್ಬನ್ ಅಡ್ಡ. ರಿಬ್ಬನ್‌ಗೆ ಕತ್ತರಿ ಇಲ್ಲ. ಕತ್ತರಿಗೆ ಸಾಣೆ ಇಲ್ಲ. ಸಾಣೆಗೆ ಹುರಿ ಇಲ್ಲ. ನನ್ನ ಕೆಚ್ಚಲು ತುಂಬಿದೆ, ಮರಿಯ ಹೊಟ್ಟೆ ಖಾಲಿ!"

"ಇಷ್ಟೇನಾ? ಅದಕ್ಕೆ ಸೇತುವೆ ಯಾಕೆ ಬೇಕು?" ಎಂದಳು ದೊಡ್ಡಮ್ಮ. ಹುರಿಗೆ ಒಂದು ಕಲ್ಲು ಕಟ್ಟಿದಳು. ಬೀಸಿ ಎಸೆದಳು. ಒಂದು ದೇಶದ ಹುರಿ ಇನ್ನೊಂದು ದೇಶಕ್ಕೆ ಬಿತ್ತು, ದೊಪ್!

ಹುರಿ ಬಂತು, ಸಾಣೆ ತಿರುಗಿತು. ಸಾಣೆ ತಿರುಗಿತು, ಕತ್ತರಿ ಹರಿತವಾಯಿತು. ಕತ್ತರಿ ಹರಿತವಾಯಿತು, ರಿಬ್ಬನ್ ಕತ್ತರಿಸಿತು, ಕಚಕ್! ಕೆಂಚಿ ಸೇತುವೆಯ ಮೇಲೆ ಓಡಿದಳು, ಟಕ ಟಕ ಟಕ.

ಆ ತುದಿಯಲ್ಲಿ ಆ ದೇಶದ ಕಾವಲುಗಾರ ಕೈ ಅಡ್ಡ ಹಿಡಿದ.

"ನಿಲ್ಲಮ್ಮ! ಅದು ನಿಮ್ಮ ರಿಬ್ಬನ್. ನಮ್ಮ ದೇಶದ ರಿಬ್ಬನ್ ಬೇರೆ ಇದೆ. ಹಸಿರು ರಿಬ್ಬನ್. ಅದನ್ನ ನಮ್ಮ ಸಾಹೇಬರೇ ಕತ್ತರಿಸಬೇಕು."

"ಎಲ್ಲಿದೆಯಪ್ಪಾ ಹಸಿರು ರಿಬ್ಬನ್?"

ಕಾವಲುಗಾರ ತಿರುಗಿ ನೋಡಿದ. ಕಂಬ ಇತ್ತು. ಗಂಟು ಇತ್ತು. ರಿಬ್ಬನ್ ಇರಲಿಲ್ಲ.

ಕಂಬದ ಕೆಳಗೆ ಮರಿ ನಿಂತಿತ್ತು. ಬಾಯಲ್ಲಿ ಒಂದು ಗೇಣು ಹಸಿರು. ಗುಳುಂ! ಅದೂ ಹೋಯಿತು.

"ಹಸಿವಾಗಿತ್ತಮ್ಮಾ," ಎಂದಿತು ಮರಿ. ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಕೆಚ್ಚಲು ಖಾಲಿ, ಮರಿಯ ಹೊಟ್ಟೆ ತುಂಬಿತು.