ಬ್ಯಾಂಕಿನಲ್ಲಿ ಕೂರುವವರು ಯಾರು

“ಗುರುಗಳೇ, ನಾಲ್ಕು ಜನ ಸೇರಿ ನಮ್ಮ ಪರವಾಗಿ ಮಾತಾಡು ಅಂತ ಒಬ್ಬನನ್ನು ಕಳಿಸುತ್ತಾರೆ. ಅವನು ಅಲ್ಲಿ ಅವರ ಮಾತನ್ನು ಆಡಬೇಕೋ, ತನ್ನ ಮಾತನ್ನು ಆಡಬೇಕೋ?”

ಕೇಳಿದವನು ಮುರಿಗೆಪ್ಪ. ನೇಕಾರರ ಸಹಕಾರ ಸಂಘಕ್ಕೆ ಅವನ ಓಣಿಯವರು ಅವನನ್ನು ಆರಿಸಿ ಕಳಿಸಿದ್ದರು. ಸಂಘವನ್ನು ಪೇಟೆಯ ದೊಡ್ಡ ಬ್ಯಾಂಕಿನ ಜೊತೆ ಸೇರಿಸಬೇಕೇ ಬೇಡವೇ ಎಂದು ಮರುದಿನ ಸಂಘದಲ್ಲಿ ಕೈ ಎತ್ತಬೇಕಿತ್ತು. ಸೇರಿಸಬಾರದು ಎಂದು ಓಣಿ ಹೇಳಿ ಕಳಿಸಿತ್ತು. ಸಂಘದಲ್ಲಿ ಕೂತು ಎಲ್ಲರ ಮಾತು ಕೇಳಿದ ಮೇಲೆ ಸೇರಿಸುವುದೇ ಒಳ್ಳೆಯದೆಂದು ಅವನಿಗೆ ತೋರತೊಡಗಿತ್ತು. ಒಂದು ರೀತಿ ಮಾಡಿದರೆ ಓಣಿಗೆ ಸುಳ್ಳಾಗುತ್ತಾನೆ, ಇನ್ನೊಂದು ರೀತಿ ಮಾಡಿದರೆ ತನಗೇ ಸುಳ್ಳಾಗುತ್ತಾನೆ. ಊಟ ಸೇರದೆ, ಮಗ್ಗದ ಮುಂದೆ ಕೂರಲೂ ಆಗದೆ, ಊರಾಚೆ ಇದ್ದ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಇದು ಅಮೆರಿಕದ ಕತೆ. ಎಲ್ಲಿ ಓದಿದೆನೋ ನೆನಪಿಲ್ಲ, ಓದದೆಯೂ ಇರಬಹುದು. ಆ ದೇಶ ಆಗಷ್ಟೇ ದೊರೆಯನ್ನು ಓಡಿಸಿ ಸ್ವತಂತ್ರವಾಗಿತ್ತು. ದೊರೆ ಹೋದ ಮೇಲೆ ತೀರ್ಮಾನಗಳನ್ನು ಯಾರಾದರೂ ಮಾಡಲೇಬೇಕಲ್ಲ, ಅದಕ್ಕೆ ಊರೂರಲ್ಲಿ ಸಭೆಗಳನ್ನು ಮಾಡಿಕೊಂಡಿದ್ದರು. ಅದುವರೆಗೆ ದೊರೆ ಒಬ್ಬನೇ ಮಾಡುತ್ತಿದ್ದ ತಪ್ಪುಗಳನ್ನು ಇನ್ನು ಮುಂದೆ ಎಲ್ಲರೂ ಸೇರಿ ಮಾಡಬಹುದಾಗಿತ್ತು. ಅವರಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಇರಬೇಕಾದದ್ದೇ.

ಅಲ್ಲೊಂದು ಸಣ್ಣ ರಾಜ್ಯ. ಒಂದು ತುದಿಗೆ ಬಂದರು, ಇನ್ನೊಂದು ತುದಿಗೆ ಬೆಟ್ಟಗಳ ನಡುವೆ ಒಂದು ಕಣಿವೆ. ಕಣಿವೆಯವರು ಸಭೆಗೆ ಒಬ್ಬ ರೈತನನ್ನು ಆರಿಸಿದರು. ಅವನು ಹೆಚ್ಚು ಮಾತಾಡುವವನಲ್ಲ. ಅದಕ್ಕಾಗಿಯೇ ಆರಿಸಿದ್ದು. ಮಾತಾಡುವವನನ್ನು ಹಿಂದಿನ ಸಲ ಕಳಿಸಿ ನೋಡಿದ್ದರು.

ಆ ವರ್ಷ ಸಭೆಯ ಮುಂದಿದ್ದ ದೊಡ್ಡ ಪ್ರಶ್ನೆ, ರಾಜ್ಯಕ್ಕೊಂದು ಬ್ಯಾಂಕು ಬೇಕೇ ಬೇಡವೇ ಎಂಬುದು. ಕಣಿವೆಯವರು ಹಿಟ್ಟಿನ ಗಿರಣಿಯ ಅಂಗಳದಲ್ಲಿ ಸೇರಿ ರೈತನಿಗೆ ಹೇಳಿದರು: “ಬ್ಯಾಂಕು ಬೇಡ. ಮರೀಬೇಡ.”

ಅವರಿಗೆ ಕಾರಣವಿತ್ತು. ಯುದ್ಧದಲ್ಲಿ ಹೋರಾಡಿದ್ದ ಅವರಿಗೆ ಸರ್ಕಾರ ಸಂಬಳದ ಬದಲು ಕಾಗದ ಕೊಟ್ಟಿತ್ತು. ಈ ಕಾಗದಕ್ಕೆ ಬೆಲೆಯಿಲ್ಲ ಎಂದು ಬಂದರಿನ ವರ್ತಕರು ಕನಿಕರಪಟ್ಟು ಅದನ್ನು ಮೂರು ಕಾಸಿಗೆ ಕೊಂಡುಕೊಂಡರು. ಆಮೇಲೆ ಸರ್ಕಾರ ಪೂರ್ತಿ ಹಣ ಕೊಡುತ್ತೇನೆಂದು ಸಾರಿತು. ವರ್ತಕರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅಂದಿನಿಂದ ಯಾರಾದರೂ ಕಾಗದ ತೋರಿಸಿದರೆ ಕಣಿವೆಯವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಬ್ಯಾಂಕು ಎಂದರೆ ಅವರ ಕಣ್ಣಿಗೆ ಕಾಗದ ಹೆರುವ ಮನೆ.

ರೈತ ಕುದುರೆ ಹತ್ತಿ ಸಭೆ ಸೇರುವ ಬಂದರಿಗೆ ಬಂದ. ಸದಸ್ಯರಿಗೆ ಅಲ್ಲಿ ವಸತಿಮನೆಗಳಿದ್ದವು. ಒಂದು ಹಾಸಿಗೆಗೆ ಇಬ್ಬರು ಸದಸ್ಯರು, ಇಬ್ಬರಿಗೂ ಸೇರಿ ಒಂದು ಕಂಬಳಿ. ಆ ಕಾಲದ ಪದ್ಧತಿ ಅದು. ರೈತನ ಹಾಸಿಗೆಯ ಪಾಲುದಾರ ಒಬ್ಬ ವರ್ತಕ, ಬಂದರಿನ ಪ್ರತಿನಿಧಿ. ಅವನಿಗೆ ಅದೇ ಊರಿನಲ್ಲಿ ಮೂರು ಅಂತಸ್ತಿನ ಸ್ವಂತ ಮನೆಯಿತ್ತು. ಸಭೆ ನಡೆಯುವ ಕಾಲದಲ್ಲಿ ಅದನ್ನು ಬೇರೆ ಸದಸ್ಯರಿಗೆ ಬಾಡಿಗೆಗೆ ಕೊಟ್ಟು ತಾನು ಅರ್ಧ ಹಾಸಿಗೆಯಲ್ಲಿ ಮಲಗುತ್ತಿದ್ದ. ಅವನನ್ನು ಆರಿಸಿದವರು ಸಭಾಭವನದ ಎದುರು ಬೀದಿಯ ಕಾಫಿ ಅಂಗಡಿಯಲ್ಲಿ ಹಗಲೆಲ್ಲ ಕೂತು ವ್ಯಾಪಾರ ಮಾಡುತ್ತಿದ್ದರು. ಕಿಟಕಿಯಿಂದ ಅವರ ಟೋಪಿಗಳು ಕಾಣುತ್ತಿದ್ದವು. ಬ್ಯಾಂಕು ಬೇಕೇ ಬೇಕು ಎಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವನು ಈ ವರ್ತಕನೇ.

ದಿನಾ ಬೆಳಗ್ಗೆ ಏಳುವಾಗ ಕಂಬಳಿ ಪೂರ್ತಿ ವರ್ತಕನ ಮೇಲಿರುತ್ತಿತ್ತು. ರೈತ ಒಂದಷ್ಟು ದಿನ ಸುಮ್ಮನಿದ್ದ. ಒಂದು ಬೆಳಗ್ಗೆ ಕೇಳಿದ:

“ಯುದ್ಧದ ಕಾಗದ ನೀನೂ ಕೊಂಡಿದ್ದೆಯೇನಯ್ಯಾ?”

“ಕೊಂಡಿದ್ದೆ.”

“ನಮ್ಮ ಕಣಿವೆಯವರದ್ದಾ?”

“ನಿಮ್ಮವರದ್ದೇ ಜಾಸ್ತಿ. ನಿನ್ನದೂ ಇರಬಹುದು, ಹುಡುಕಬೇಕು.”

“ಹುಡುಕೋದೇನೂ ಬೇಡ. ಕಂಬಳಿ ಇತ್ತ ಬಿಡು.”

ವರ್ತಕ ಹೊಟ್ಟೆ ಹಿಡಿದುಕೊಂಡು ನಕ್ಕ. ಕಂಬಳಿಯಲ್ಲಿ ಅರ್ಧ ಬಿಟ್ಟುಕೊಟ್ಟ ಕೂಡ. ಬಂದರಿನಿಂದ ಕಣಿವೆಗೆ ವಾಪಸು ಬಂದ ಮೊದಲ ಆಸ್ತಿ ಅದು. ಅಂದಿನಿಂದ ಇಬ್ಬರಿಗೂ ಸ್ನೇಹವಾಯಿತು. ಹಗಲು ಸಭೆಯಲ್ಲಿ ಎದುರುಬದುರು ಸಾಲಿನಲ್ಲಿ ಕೂರುವರು, ಸಂಜೆ ಒಂದೇ ಮೇಜಿನಲ್ಲಿ ಉಣ್ಣುವರು.

ಉಣ್ಣುವಾಗ ವರ್ತಕ ಬ್ಯಾಂಕಿನ ವಿಷಯ ಬಿಡಿಸಿ ಹೇಳುತ್ತಿದ್ದ. “ಈಗ ನೋಡು. ನಿನ್ನ ಗೋಧಿಗೆ ಬೆಲೆ ಕಟ್ಟೋನು ನಾನು. ಅದಕ್ಕೆ ನಾನು ಕೊಡೋ ಚೀಟಿ ನನ್ನ ಅಂಗಡೀಲಿ ಮಾತ್ರ ನಡೆಯುತ್ತೆ. ಅಲ್ಲಿ ಉಪ್ಪಿಗೆ, ಕಬ್ಬಿಣಕ್ಕೆ ಬೆಲೆ ಕಟ್ಟೋನೂ ನಾನೇ. ಬ್ಯಾಂಕು ಬಂದರೆ ಅದರ ನೋಟು ಹಿಡಿದು ನೀನು ಯಾವ ಅಂಗಡಿಗೆ ಬೇಕಾದರೂ ಹೋಗಬಹುದು.”

“ಹಾಗಾದರೆ ನಿನಗೆ ನಷ್ಟ ಅಲ್ಲವೇನೋ?”

“ನನ್ನ ಪಕ್ಕದ ಅಂಗಡಿಯವನಿಗೆ ಇನ್ನೂ ಜಾಸ್ತಿ ನಷ್ಟ,” ಎಂದು ವರ್ತಕ ತೃಪ್ತಿಯಿಂದ ಹೇಳಿದ.

ರೈತ ಸಭೆಯಲ್ಲೂ ಎಲ್ಲರ ಮಾತು ಕೇಳಿಸಿಕೊಂಡ. ಅದೊಂದು ದೋಷ ಅವನಲ್ಲಿತ್ತು. ಒಬ್ಬರು ಮಾತಾಡುವಾಗ ಉಳಿದ ಸದಸ್ಯರು ತಮ್ಮ ಮುಂದಿನ ಭಾಷಣವನ್ನು ಯೋಚಿಸುತ್ತಿದ್ದರು. ಇವನಿಗೆ ಭಾಷಣವಿರಲಿಲ್ಲವಾದ್ದರಿಂದ ಕಿವಿ ಖಾಲಿಯಿತ್ತು. ಮತ ಹಾಕುವ ದಿನ ಹತ್ತಿರ ಬಂದಾಗ, ಬ್ಯಾಂಕು ಬೇಕು ಎಂದೇ ತನಗೆ ಅನ್ನಿಸುತ್ತಿದೆಯೆಂದು ಗೊತ್ತಾಗಿ ಗಾಬರಿಬಿದ್ದ. ಅವನನ್ನು ಬಿಟ್ಟು ಲೆಕ್ಕ ಹಾಕಿದರೆ ಬ್ಯಾಂಕಿನ ಪರ ಒಂದು ಮತ ಹೆಚ್ಚಿಗೆ ಇತ್ತು. ಅವನು ಬೇಡವೆಂದರೆ ಸಮಸಮ. ಸಮವಾದರೆ ಮಸೂದೆ ಬಿದ್ದ ಹಾಗೆ. ಅಂದರೆ ಇಡೀ ರಾಜ್ಯದ ಬ್ಯಾಂಕು, ಮಾತಾಡದವನ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು.

“ನಿನ್ನ ಮನಸ್ಸಿನಂತೆ ಹಾಕು. ಅದಕ್ಕೇ ತಾನೇ ನಿನ್ನನ್ನು ಕಳಿಸಿರೋದು?” ಎಂದ ವರ್ತಕ.

“ಅವರು ಕಳಿಸಿದಾಗ ನನ್ನ ಮನಸ್ಸು ಹೀಗಿರಲಿಲ್ಲ. ಈ ಮನಸ್ಸನ್ನು ಅವರು ನೋಡೇ ಇಲ್ಲ.”

“ಹಾಗಾದರೆ ಅವರು ಹೇಳಿದಂತೆ ಹಾಕು.”

“ನಾನು ಇಲ್ಲಿ ಕೇಳಿದ್ದನ್ನು ಅವರು ಕೇಳಿಲ್ಲ.”

“ಮತ್ತೇನು ಮಾಡ್ತೀಯಪ್ಪಾ?”

“ಹೋಗಿ ಕೇಳಿಕೊಂಡು ಬರ್ತೀನಿ.”

ಹೋಗಿ ಬರಲು ಹೆಚ್ಚುಕಡಿಮೆ ಒಂದು ವಾರ ಬೇಕು. ಮತ ಹಾಕುವುದು ನಾಳೆ. ರೈತ ಸಭೆಯಲ್ಲಿಲ್ಲದಿದ್ದರೆ ಬ್ಯಾಂಕು ಒಂದು ಮತದಿಂದ ಗೆಲ್ಲುತ್ತಿತ್ತು. ಇದು ವರ್ತಕನಿಗೆ ಹೊಳೆಯದೆ ಇರಲಿಲ್ಲ. ಸ್ವಲ್ಪ ಹೊತ್ತು ಅವನು ಬ್ರೆಡ್ಡಿನ ಚೂರನ್ನು ಮೇಜಿನ ಮೇಲೆ ಅತ್ತ ಇತ್ತ ಉರುಳಿಸಿದ. ಸಭೆಯಲ್ಲಿ ಒಂದು ನಿಯಮವಿತ್ತು: ಎದ್ದು ನಿಂತ ಸದಸ್ಯ ಮಾತು ಮುಗಿಸುವವರೆಗೆ ಮತಕ್ಕೆ ಹಾಕುವಂತಿಲ್ಲ, ಅವತ್ತು ಮುಗಿಯದಿದ್ದರೆ ಮರುದಿನ ಅವನೇ ಮುಂದುವರಿಸಬಹುದು.

“ಹೋಗು. ನೀನು ಬರೋವರೆಗೂ ನಾನು ಮಾತಾಡ್ತಿರ್ತೀನಿ.”

“ನಾನು ಬಂದು ಬೇಡ ಅಂದರೆ?”

“ನನ್ನ ಗಂಟಲು ದಂಡ. ಕುದುರೆ ಹತ್ತು ಮಾರಾಯ, ನನ್ನ ಮನಸ್ಸು ಬದಲಾಗೋ ಮುಂಚೆ.”

ಗಿರಣಿಯ ಅಂಗಳದಲ್ಲಿ ಕಣಿವೆಯವರು ಮತ್ತೆ ಸೇರಿದರು. ರೈತ ತಾನು ಕೇಳಿದ್ದನ್ನೆಲ್ಲ ಹೇಳಿದ. ಹುಟ್ಟಿದಾಗಿನಿಂದ ಅವನು ಅಷ್ಟು ಮಾತಾಡಿದ್ದಿಲ್ಲ. ಮೊದಲು ಎಲ್ಲರೂ ಬೈದರು.

“ಬಂದರಿನವರು ನಿನಗೆ ಚೆನ್ನಾಗಿ ಊಟ ಹಾಕಿದ ಹಾಗಿದೆ.”

“ಮೆತ್ತನೆ ಹಾಸಿಗೇಲಿ ಮಲಗಿಸಿರಬೇಕು, ಪಾಪ.”

“ಅರ್ಧ ಹಾಸಿಗೆ,” ಎಂದ ರೈತ. “ಕಂಬಳಿ ಸಿಕ್ಕಿದ್ದು ಈಚೆಗೆ.”

ನಗು ಬಂದದ್ದರಿಂದ ಬೈಗುಳ ಸ್ವಲ್ಪ ತಗ್ಗಿತು. ಆಮೇಲೆ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ನೋಟನ್ನು ಇಲಿ ತಿಂದರೆ ಯಾರು ಹೊಣೆ ಎಂದು ಒಬ್ಬ ಕೇಳಿದ. ಅಂಗಡಿಯ ಚೀಟಿಯನ್ನೂ ಇಲಿ ತಿನ್ನುತ್ತದಲ್ಲ ಎಂದು ಇನ್ನೊಬ್ಬ ಹೇಳಿದ. ಬಿಸಿಲು ಇಳಿಯುವ ಹೊತ್ತಿಗೆ, ಇರಲಿ ಬಿಡು ಬ್ಯಾಂಕು, ಎನ್ನುವಲ್ಲಿಗೆ ಹೆಚ್ಚಿನವರು ಬಂದು ತಲುಪಿದ್ದರು. ಆಗ ಹಿಂದಿನಿಂದ ಒಬ್ಬ ವಿಧವೆ ಮಾತೆತ್ತಿದಳು. ಅವಳಿಗೆ ಮತವಿರಲಿಲ್ಲ. ಬಂದ ಸ್ವಾತಂತ್ರ್ಯ ಹೆಂಗಸರ ಬಾಗಿಲಿಗೆ ತಲುಪಲು ಇನ್ನೂ ನೂರು ವರ್ಷಕ್ಕೂ ಮೇಲೆ ಹಿಡಿಯಲಿತ್ತು. ಅಂಗಳದಲ್ಲಿ ನಿಲ್ಲಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

“ಆ ಬ್ಯಾಂಕಿನಲ್ಲಿ ಕೂತು, ಇವನಿಗೆ ಸಾಲ ಕೊಡಿ ಅವನಿಗೆ ಬೇಡ ಅಂತ ಹೇಳೋರು ಯಾರಪ್ಪಾ? ಅಲ್ಲಿ ನಮ್ಮೋರು ಒಬ್ಬರಾದರೂ ಇದ್ದಾರಾ?”

ರೈತನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಕೇಳಿದ ಭಾಷಣಗಳಲ್ಲಿ ದೇಶದ ಭವಿಷ್ಯ ಬಂದಿತ್ತು, ಪೂರ್ವಿಕರು ಬಂದಿದ್ದರು, ರೋಮ್ ನಗರ ಬಂದಿತ್ತು. ಇದೊಂದು ಬಂದಿರಲಿಲ್ಲ.

“ಇದ್ದರೆ ಹೂಂ ಅನ್ನು, ಇಲ್ಲದಿದ್ದರೆ ಉಹೂಂ ಅನ್ನು,” ಎಂದು ಕಣಿವೆ ಹೇಳಿತು.

ರೈತ ಸಭಾಭವನಕ್ಕೆ ಮರಳಿದಾಗ ಒಳಗಿನಿಂದ ಗರಗಸ ಎಳೆದಂಥ ದನಿ ಕೇಳುತ್ತಿತ್ತು.

“ಇನ್ನೂ ಅವನೇನಾ?” ಎಂದು ಬಾಗಿಲು ಕಾಯುವವನನ್ನು ಕೇಳಿದ.

“ಅವರೇ. ಮೊದಲು ಬ್ಯಾಂಕನ್ನು ಹೊಗಳಿದರು. ಆಮೇಲೆ ಬ್ಯಾಂಕು ಬೇಡ ಅನ್ನೋರನ್ನು ಬೈದರು, ನಿಮ್ಮನ್ನೂ ಸೇರಿಸಿ. ಹೇಳೋಕೆ ಏನೂ ಉಳಿಯದೆ ಈಗ ಮಸೂದೆಯನ್ನೇ ಓದ್ತಿದ್ದಾರೆ. ಓದ್ತಾ ಓದ್ತಾ ದನಿ ಇಳಿದುಹೋಯಿತು.”

“ಗಂಟಲು ಕಟ್ಟಿರಬೇಕು.”

“ಗಂಟಲಲ್ಲ ಸ್ವಾಮಿ. ಅದನ್ನು ಅವರು ಮುಂಚೆ ಓದಿರಲಿಲ್ಲವಂತೆ.”

ಸಭೆಯಲ್ಲಿ ಬೇರೆ ಯಾರೂ ಓದಿರಲಿಲ್ಲ. ಪರ ಇದ್ದವರಿಗೆ ಓದುವ ಅಗತ್ಯ ಕಂಡಿರಲಿಲ್ಲ, ವಿರೋಧ ಇದ್ದವರಿಗೆ ಓದಿ ಮನಸ್ಸು ಕೆಡಿಸಿಕೊಳ್ಳುವ ಇಷ್ಟವಿರಲಿಲ್ಲ. ಬರೆದವನೊಬ್ಬ ಓದಿದ್ದ. ಅವನು ಎದುರಿನ ಕಾಫಿ ಅಂಗಡಿಯಲ್ಲಿದ್ದ.

ರೈತ ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತ. ವರ್ತಕ ಅವನನ್ನು ಕಂಡು ಓದು ನಿಲ್ಲಿಸಿದ, ಆದರೆ ಕೂರಲಿಲ್ಲ.

“ನನ್ನದೊಂದೇ ಪ್ರಶ್ನೆ,” ಎಂದ ರೈತ. “ಬ್ಯಾಂಕಿನಲ್ಲಿ ಕೂರುವವರು ಯಾರು? ಕಣಿವೆಯವರು ಒಬ್ಬರಾದರೂ ಇದ್ದಾರಾ?”

ಸಭಾಪತಿ ಮಸೂದೆಯ ಪರ ಇದ್ದವರನ್ನು ನೋಡಿದ. ಅವರು ಚಾವಣಿ ನೋಡಿದರು. ವರ್ತಕ ಕೈಯಲ್ಲಿದ್ದ ಹಾಳೆಗಳನ್ನು ಹಿಂದಕ್ಕೆ ತಿರುವಿದ.

“ಇಲ್ಲ. ದೊಡ್ಡ ಷೇರುದಾರರು ಮಾತ್ರ ಕೂರಬಹುದು. ಎಲ್ಲರೂ ಬಂದರಿನವರು, ಎಲ್ಲರೂ ನನಗೆ ಗೊತ್ತಿರೋರು. ನಿನ್ನೆ ಓದಿದೆ. ಇವತ್ತು ಇನ್ನೊಂದು ಸಲ ಓದಿದೆ. ಹಾಗೇ ಇದೆ.”

ಕಣಿವೆಗೊಂದು ಕುರ್ಚಿ ಸೇರಿಸಿ ಎಂದು ಅವನೇ ಕೇಳಿಕೊಂಡ. ಬ್ಯಾಂಕು ಬೇಕೆನ್ನುವವರು, ಈಗ ಹೊತ್ತಿಲ್ಲ ಎಂದರು. ಬೇಡವೆನ್ನುವವರು, ಕುರ್ಚಿ ಹಾಕಿದರೆ ಬ್ಯಾಂಕು ಒಳ್ಳೆಯದಾಗಿಬಿಡುತ್ತದೆ, ಆಮೇಲೆ ವಿರೋಧಿಸುವುದು ಕಷ್ಟ ಎಂದರು. ಕುರ್ಚಿ ಬರಲಿಲ್ಲ. ಮತಕ್ಕೆ ಹಾಕಿದಾಗ ರೈತ ಉಹೂಂ ಎಂದ. ಅವನ ಎದುರು ಸಾಲಿನಿಂದ, ಗಂಟಲೇ ಇಲ್ಲದ ಇನ್ನೊಂದು ಉಹೂಂ ಕೇಳಿಸಿತು. ಮಸೂದೆ ಬಿತ್ತು.

ಚುನಾವಣೆ ಬಂತು. ರೈತ ಊರಿಗೆ ಬ್ಯಾಂಕು ತಂದಿರಲಿಲ್ಲ. ಬಿತ್ತನೆಯ ಒಂದು ದಿನ ಎಲ್ಲರನ್ನೂ ಗಿರಣಿಗೆ ಕರೆದು ಕೆಲಸ ಕೆಡಿಸಿದ್ದ. ಕಣಿವೆಯವರು ಅದನ್ನು ಎತ್ತಿ ಆಡಿಕೊಳ್ಳುತ್ತಲೇ ಅವನನ್ನು ಮತ್ತೆ ಆರಿಸಿದರು. ವರ್ತಕನಿಗೆ ಕಾಫಿ ಅಂಗಡಿಯಿಂದ ಒಂದು ಮತವೂ ಬೀಳಲಿಲ್ಲ. ಮರುವರ್ಷ ಅದೇ ಮಸೂದೆ ಒಂದು ಕುರ್ಚಿ ಸೇರಿಸಿಕೊಂಡು ಬಂತು. ರೈತ ಹೂಂ ಎಂದ. ಅದು ಗೆದ್ದ ದಿನ ಅವನು ವರ್ತಕನ ಅಂಗಡಿಗೆ ಹೋಗಿ, ಕಣಿವೆಯ ಉಣ್ಣೆಯಲ್ಲಿ ನೇಯ್ದ ಒಂದು ಕಂಬಳಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ.

“ಈಗ ಎಲ್ಲರೂ ನಾನು ಮಾಡಿದ್ದೇ ಸರಿ ಅಂತಾರೆ,” ಎಂದ ವರ್ತಕ. “ಆದರೂ ನನ್ನನ್ನು ತೆಗೆದರಲ್ಲಯ್ಯಾ.”

“ಉಹೂಂ ಅನ್ನೋ ಮುಂಚೆ ಅವರಿಗೊಂದು ಮಾತು ಹೇಳಿದ್ದೆಯಾ?”

“ಇಲ್ಲ.”

“ಬೀದಿ ದಾಟಿದರೆ ಅಲ್ಲೇ ಇದ್ದರು.”

“ಅದೇ ನೋಡು. ಅಲ್ಲೇ ಇದ್ದಾರಲ್ಲ, ಯಾವಾಗ ಬೇಕಾದರೂ ಹೋಗಬಹುದು ಅಂತ ಹೋಗಲೇ ಇಲ್ಲ.”

ವರ್ತಕ ಕಂಬಳಿಯನ್ನು ಬಿಡಿಸಿ ನೋಡಿದ. ಅದು ಇಬ್ಬರಿಗೆ ಆಗುವಷ್ಟು ಅಗಲವಿತ್ತು.

ಕತೆ ಅಲ್ಲಿಗೆ ಮುಗಿಯಿತು. ಮುರಿಗೆಪ್ಪ ಇನ್ನೂ ಏನೋ ಬಾಕಿಯಿದೆ ಎಂಬಂತೆ ಕಾದು, ಕೊನೆಗೆ ತಾನೇ ಕೇಳಿದ: “ಎಲ್ಲ ಸರಿ. ನಾಳೆ ನಾನು ಕೈ ಎತ್ತಬೇಕೋ ಬೇಡವೋ, ಅದನ್ನೇ ನೀವು ಹೇಳಲಿಲ್ಲವಲ್ಲ?”

ಗುರುಗಳು ಅವನ ಧೂಳು ಮೆತ್ತಿದ ಕಾಲುಗಳನ್ನು ನೋಡಿದರು. ಮುರಿಗೆಪ್ಪನೂ ನೋಡಿಕೊಂಡ. ಗುರುಗಳು ಕೇಳಿದ್ದು ಇಷ್ಟೇ:

“ಇಲ್ಲಿಗೆ ಬರುವಾಗ ನಿನ್ನ ಓಣಿಯನ್ನು ದಾಟಿಕೊಂಡೇ ಬಂದೆಯಲ್ಲಪ್ಪಾ?”