ಒಣಗದ ಮಸಿ

“ಗುರುಗಳೇ, ಮಾಡಿಯೇ ತೀರಬೇಕೆಂದು ಮನಸ್ಸಿನಲ್ಲಿ ಗಟ್ಟಿಯಾಗಿರುವ ಕೆಲಸವನ್ನು ಸ್ವಲ್ಪ ಮುಂದೂಡಿದರೆ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಲಿಪಿಕಾರನಿದ್ದ. ಅವನ ಎಳವೆಯಲ್ಲೇ ತಾಯಿ ತೀರಿಕೊಂಡಿದ್ದಳು. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಸಿರಿವಂತರ ಮನೆಗಳಿಗೆ ಪುರಾಣಗಳನ್ನು ನಕಲು ಮಾಡಿಕೊಡುವುದು ಅವನ ಕಸುಬು. ಅವನ ಅಕ್ಷರಕ್ಕೆ ಮೆಚ್ಚಿದ ವರ್ತಕನೊಬ್ಬ ಕಡಲಾಚೆಯಿಂದ ತಂದ ಗಾಜಿನ ಮಸಿಕುಡಿಕೆಯನ್ನು ಕೊಟ್ಟ. ಅದರ ನೆತ್ತಿಯಲ್ಲಿ ಹಿತ್ತಾಳೆಯ ತಿರುಪಿತ್ತು. ಬಲಕ್ಕೆ ತಿರುಗಿಸಿದರೆ ಒಳಗಿನ ಬಿಲ್ಲೆ ಕೆಳಗಿಳಿದು ಮಸಿಯನ್ನು ಒತ್ತುತ್ತಿತ್ತು. ಮಸಿ ಪಕ್ಕದ ಪುಟ್ಟ ಬಟ್ಟಲಿಗೆ ಏರಿ ಬರುತ್ತಿತ್ತು. ಎಡಕ್ಕೆ ತಿರುಗಿಸಿದರೆ ಮರಳಿ ಒಳಗಿಳಿಯುತ್ತಿತ್ತು. ತೆರೆದ ಕುಡಿಕೆಯಲ್ಲಿ ಮಸಿ ಗಟ್ಟಿಯಾಗುತ್ತಿತ್ತು, ಧೂಳು ಬೀಳುತ್ತಿತ್ತು. ಇದರಲ್ಲಿ ಆ ಕಾಟವಿರಲಿಲ್ಲ. ಲಿಪಿಕಾರ ಮಗುವಿನಂತೆ ಹಿಗ್ಗಿದ.

ಒಂದು ದಿನ ಅಕ್ಕ ಅವನ ಪಕ್ಕ ಬಂದು ಕೂತಳು.

“ತಮ್ಮಾ, ಅವ್ವ ಬೀಸುವಾಗ ತಾನೇ ಕಟ್ಟಿ ಹಾಡುತ್ತಿದ್ದ ಹಾಡುಗಳು ಈಗ ನನ್ನೊಬ್ಬಳ ಬಾಯಲ್ಲಿ ಉಳಿದಿವೆ. ಊರವರದೆಲ್ಲ ಬರೆಯುತ್ತೀ. ಅವನ್ನೂ ಬರೆದಿಡಪ್ಪ.”

“ಬರೆಯದೆ ಬಿಡುತ್ತೇನೆಯೇ ಅಕ್ಕ? ಈ ಪುರಾಣವೊಂದು ಮುಗಿಯಲಿ. ಇದರೊಳಗಿನ ಮಸಿ ಒಣಗುವುದಿಲ್ಲ, ನೋಡು” ಎಂದು ಅವನು ತಿರುಪು ತಿರುಗಿಸಿ ತೋರಿಸಿದ. ಅಕ್ಕ ನಕ್ಕು ಎದ್ದು ಹೋದಳು.

ಆ ಪುರಾಣ ಮುಗಿಯಿತು. ಇನ್ನೊಂದು ಬಂತು. ಅಕ್ಕ ಮತ್ತೆ ಕೇಳಲಿಲ್ಲ. ಬೀಸುವ ಕಲ್ಲಿನ ಸದ್ದಿನೊಡನೆ ಅವಳ ದನಿ ಒಳಗಿನಿಂದ ಕೇಳಿ ಬಂದಾಗಲೆಲ್ಲ ಅವನಿಗೆ ಕೊಟ್ಟ ಮಾತು ನೆನಪಾಗುತ್ತಿತ್ತು. ನಾಳೆ ಕೂತರಾಯಿತು ಎಂದುಕೊಳ್ಳುತ್ತಿದ್ದ.

ಆ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಮಾತು ಹೋಯಿತು.

ಲಿಪಿಕಾರ ಕೈಯಲ್ಲಿದ್ದ ಕೆಲಸವನ್ನೆಲ್ಲ ಬದಿಗಿಟ್ಟು, ಕಾಗದ ಹಿಡಿದು ಅವಳ ಮಗ್ಗುಲಲ್ಲಿ ಕೂತ. ಅವನಿಗೆ ರಾಗ ನೆನಪಿತ್ತು, ಸೊಲ್ಲು ನೆನಪಿರಲಿಲ್ಲ. ತಿರುಪು ತಿರುಗಿಸಿದ. ಮಸಿ ಎಂದಿನಂತೆ ಕಪ್ಪಗೆ, ತಿಳಿಯಾಗಿ ಏರಿ ಬಂತು.

“ಅಕ್ಕಾ, ಒಂದೇ ಒಂದು ಹೇಳು” ಎಂದ.

ಅವಳ ತುಟಿ ಅಲುಗಿತು. ದನಿ ಬರಲಿಲ್ಲ. ಸ್ವಾಧೀನದಲ್ಲಿದ್ದ ಒಂದು ಕೈಯನ್ನೆತ್ತಿ, ಬೀಸುವವಳಂತೆ ಗಾಳಿಯಲ್ಲಿ ಸುತ್ತು ಹಾಕಿದಳು. ಅವನು ಲೇಖನಿ ಕೆಳಗಿಟ್ಟು, ಆ ಕೈ ಹಿಡಿದುಕೊಂಡು ಅತ್ತ.

ಗುರುಗಳು ಕಥೆ ಮುಗಿಸಿದರು.

“ಪಾಪ, ಅವನ ಮನಸ್ಸೇನೂ ಕೆಟ್ಟದ್ದಲ್ಲ, ಗುರುಗಳೇ” ಎಂದ ಶಿಷ್ಯ.

“ಅಲ್ಲ. ಅದಿರಲಿ, ನೀನು ಯಾರನ್ನು ಕಾಯಿಸುತ್ತಿದ್ದೀಯೆ?” ಎಂದರು ಗುರುಗಳು.